ಗೆದ್ದ ಕತೆ ಬೇಡ, ಕಿರ್ದಿ ತೋರಿಸಿ

ಪೋಕರ್ ಆಡುವವರನ್ನು ‘ಹೋದ ವರ್ಷ ಒಟ್ಟು ಎಷ್ಟು ಗೆದ್ದಿರಿ?’ ಎಂದು ಕೇಳಿ ನೋಡಿ. ಉತ್ತರವಾಗಿ ಅಂಕಿ ಬರುವುದಿಲ್ಲ, ಕತೆ ಬರುತ್ತದೆ. ದೀಪಾವಳಿಯ ರಾತ್ರಿ, ಕೈಯಲ್ಲಿ ಬರೀ ಏಳು–ಎಂಟು, ಎದುರಿನವನು ಜೋಡಿ ರಾಜ ಹಿಡಿದು ಕೂತಿದ್ದ, ಕೊನೆಯ ಎಲೆ ತಿರುಗಿಸಿದರೆ... ಕತೆ ಚೆನ್ನಾಗಿಯೇ ಇರುತ್ತದೆ. ಅದಿರಲಿ, ಒಟ್ಟು ಎಷ್ಟು ಎಂದು ಮತ್ತೆ ಕೇಳಿದರೆ ‘ಒಟ್ಟಾರೆ ಪ್ಲಸ್‌ನಲ್ಲೇ ಇದೀನಿ’ ಎನ್ನುತ್ತಾರೆ. ಶಿವಮೊಗ್ಗ, ಭದ್ರಾವತಿಯಲ್ಲಿ ನನಗೆ ಪರಿಚಯವಿರುವ ಆಟಗಾರರೆಲ್ಲ ಪ್ಲಸ್‌ನಲ್ಲೇ ಇದ್ದಾರೆ. ಒಬ್ಬನ ದುಡ್ಡು ಇನ್ನೊಬ್ಬನಿಗೆ ಹೋಗುವ ಆಟ ಇದು. ಅದರಲ್ಲೂ ಮೇಜು ನಡೆಸುವವನು ಪ್ರತಿ ಸಲ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತಾನೆ. ಹೀಗಿರುವಾಗ ಎಲ್ಲರೂ ಪ್ಲಸ್‌ನಲ್ಲಿರುವುದು ಹೇಗೆ?

ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವನು. ಅಡಿಕೆ ವ್ಯಾಪಾರದ ಕಿರ್ದಿ, ಖಾತೆ ನೋಡಿಯೇ ಕೂದಲು ಹಣ್ಣಾಗಿದೆ. ಹಾಗಾಗಿ ಈ ‘ಒಟ್ಟಾರೆ ಪ್ಲಸ್’ ನನಗೆ ಹೊಸದಲ್ಲ. ಮಂಡಿಗೆ ಅಡಿಕೆ ತಂದ ಬೆಳೆಗಾರ ಊರಿಗೆ ಹೋಗಿ ಹೇಳುವುದು ಸರಕಿಗೆ ಸಿಕ್ಕ ರೇಟನ್ನು. ಸರಕು ಎಂದರೆ ಅತಿ ಹೆಚ್ಚು ಬೆಲೆ ಬಾಳುವ ಅಡಿಕೆ. ಅವನ ಪಟ್ಟಿ ತೆಗೆದು ನೋಡಿದರೆ ಸರಕು ಇರುವುದು ಒಂದು ಮೂಟೆ. ಉಳಿದದ್ದು ರಾಶಿ, ಒಂದಿಷ್ಟು ಬೆಟ್ಟೆ, ತಳದಲ್ಲಿ ಗೊರಬಲು. ಬೋರ್ಡೋ ಸಿಂಪಡಣೆ, ಕೊನೆ ತೆಗೆದ ಕೂಲಿ, ಸುಲಿದ ಕೂಲಿ, ಲಾರಿ ಬಾಡಿಗೆ ಕಳೆದ ಮೇಲೆ ಉಳಿಯುವ ಮೊತ್ತಕ್ಕೂ ಅವನು ಕಟ್ಟೆಯ ಮೇಲೆ ಹೇಳಿದ ರೇಟಿಗೂ ಸಂಬಂಧವೇ ಇರುವುದಿಲ್ಲ. ಆದರೆ ಬೆಳೆಗಾರ ಜಾಣ. ಹೇಳುವುದು ಸರಕಿನ ರೇಟಾದರೂ ಮಗಳ ಮದುವೆ ಗೊತ್ತು ಮಾಡುವ ಮುಂಚೆ ಪಟ್ಟಿಯನ್ನೇ ಕೂಡಿಸುತ್ತಾನೆ. ಪೋಕರ್ ಆಡುವ ಹುಡುಗರು ಸರಕಿನ ರೇಟನ್ನೇ ನಂಬಿ ಬದುಕು ಗೊತ್ತು ಮಾಡಿಕೊಳ್ಳುತ್ತಿದ್ದಾರೆ. ನನ್ನ ಜಗಳ ಇರುವುದು ಅಲ್ಲಿ.

ನನ್ನ ಅಕ್ಕನ ಮಗ ಭದ್ರಾವತಿಯಲ್ಲಿದ್ದಾನೆ. ಬಿ.ಇ. ಮುಗಿಸಿ ಎರಡು ವರ್ಷವಾಯಿತು. ಭಾನುವಾರ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು ಗೆಳೆಯರ ಮೇಜಿನಲ್ಲಿ ಆಡುತ್ತಾನೆ. ಇನ್ನು ಇದನ್ನೇ ಪೂರ್ಣಾವಧಿ ಮಾಡುತ್ತೇನೆ, ಅಪ್ಪನ ನಿವೃತ್ತಿ ಹಣದ ಠೇವಣಿ ಮುರಿಸಿ ಕೊಡಲು ಅಮ್ಮನಿಗೆ ನೀವು ಹೇಳಬೇಕು ಎಂದು ನನ್ನ ಬಳಿ ಬಂದ. ಲೆಕ್ಕ ಎಲ್ಲಿ ಎಂದೆ. ‘ಮಾವ, ನೀವು ರಿಸಲ್ಟ್ ನೋಡ್ತೀರಿ, ನಾವು ಡಿಸಿಷನ್ ನೋಡ್ತೀವಿ. ಪೋಕರ್‌ನಲ್ಲಿ ರಿಸಲ್ಟ್ ನೋಡಬಾರದು’ ಎಂದ.

ಈ ಮಾತು ಅವನದಲ್ಲ. ಪೋಕರ್ ಕಲಿಸುವ ಎಲ್ಲ ವಿಡಿಯೋಗಳಲ್ಲೂ ಇದೇ ಮಂತ್ರ. ಹಿಂದೆ ವೃತ್ತಿಪರ ಆಟಗಾರ್ತಿಯಾಗಿದ್ದ ಅಮೆರಿಕದ ಆನಿ ಡ್ಯೂಕ್ 2018ರಲ್ಲಿ ಪ್ರಕಟಿಸಿದ ‘ಥಿಂಕಿಂಗ್ ಇನ್ ಬೆಟ್ಸ್’ ಪುಸ್ತಕದ ತಿರುಳೂ ಹೆಚ್ಚುಕಡಿಮೆ ಇದೇ: ಫಲ ಕೆಟ್ಟಿತೆಂದು ನಿರ್ಧಾರ ಕೆಟ್ಟದ್ದೆನ್ನಬೇಡಿ, ಫಲ ಒಳ್ಳೆಯದಾಯಿತೆಂದು ನಿರ್ಧಾರ ಒಳ್ಳೆಯದೆನ್ನಬೇಡಿ. ನಮ್ಮಲ್ಲಿ ಇದಕ್ಕೆ ಗೀತೆಯ ನಿಷ್ಕಾಮ ಕರ್ಮದ ಒಗ್ಗರಣೆ ಬೇರೆ.

ಗಣಿತದ ಪ್ರಕಾರ ಈ ಮಾತಿನಲ್ಲಿ ತಪ್ಪಿಲ್ಲ. ಜೋಡಿ ಎಕ್ಕ ಹಿಡಿದವನು ಜೋಡಿ ರಾಜ ಹಿಡಿದವನ ಮೇಲೆ ಇದ್ದದ್ದೆಲ್ಲ ಕಟ್ಟಿದರೆ ನೂರರಲ್ಲಿ ಸುಮಾರು 82 ಸಲ ಗೆಲ್ಲುತ್ತಾನೆ, 18 ಸಲ ಸೋಲುತ್ತಾನೆ. ಸೋತ ದಿನವೂ ಅವನು ಮಾಡಿದ್ದು ಸರಿಯೇ. ಇಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ನಿರ್ಧಾರ ಒಳ್ಳೆಯದಿತ್ತು ಎಂದು ಹೇಳುವವರು ಯಾರು? ಸೋತವನೇ. ಯಾವಾಗ? ಸೋತ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ. ಆರೋಪಿಯೇ ನ್ಯಾಯಾಧೀಶ, ಅವನೇ ಸಾಕ್ಷಿ, ಅವನೇ ಶಿರಸ್ತೇದಾರ. ಗೆದ್ದರೆ ಜಾಣತನ, ಸೋತರೆ ‘ವೇರಿಯೆನ್ಸ್’. ಯಾವ ಸೋಲಿಗೂ ಬಗ್ಗದ ಇಂಥ ಅಳತೆಗೋಲಿನಿಂದ ಅಳೆಯುವುದೇನನ್ನು?

ನಿರ್ಧಾರವನ್ನೇ ಅಳೆಯಬೇಕೆಂದರೆ ದಾರಿಯಿದೆ, ಆದರೆ ಅದಕ್ಕೆ ಪೆನ್ನು ಬೇಕು. ಎಲೆ ತೆರೆಯುವ ಮೊದಲೇ ಫೋನಿನಲ್ಲೋ ಚೀಟಿಯಲ್ಲೋ ಬರೆದಿಡಿ: ಎದುರಿನವನ ಕೈಯಲ್ಲಿ ಏನಿದೆ ಎಂದುಕೊಂಡಿದ್ದೀರಿ, ನೀವು ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು. ಇಂಥ ಇನ್ನೂರು ಚೀಟಿ ಕೂಡಿದ ಮೇಲೆ ‘ನೂರಕ್ಕೆ ಎಪ್ಪತ್ತು’ ಎಂದು ಬರೆದವನ್ನೆಲ್ಲ ಒಂದು ಕಡೆ ಇಟ್ಟು ಎಣಿಸಿ. ಅವುಗಳಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಗೆದ್ದಿದ್ದರೆ ನಿಮ್ಮ ನಿರ್ಧಾರಕ್ಕೆ ಬೆಲೆಯಿದೆ. ಐವತ್ತೇ ಗೆದ್ದಿದ್ದರೆ ನೀವು ಕುಡಿಯುತ್ತಿರುವುದು ನಿಮ್ಮದೇ ಹೊಗಳಿಕೆಯ ಕಷಾಯ. ನಿರ್ಧಾರ ನೋಡು, ನಿರ್ಧಾರ ನೋಡು ಎನ್ನುವವರಲ್ಲಿ ಹೀಗೆ ಚೀಟಿ ಬರೆದಿಟ್ಟವರನ್ನು ನಾನಿನ್ನೂ ಕಂಡಿಲ್ಲ.

ಇನ್ನು ದುಡ್ಡಿನ ಲೆಕ್ಕ. ಎಷ್ಟು ಕಾಲ ಆಡಿದರೆ ‘ನಾನು ಗೆಲ್ಲುವವನು’ ಎನ್ನಬಹುದು? ಇಲ್ಲಿ ಹುಡುಗರ ಉತ್ತರಕ್ಕೂ ಗಣಿತದ ಉತ್ತರಕ್ಕೂ ಇರುವ ಅಂತರ ಕೇಳಿದರೆ ತಲೆ ತಿರುಗುತ್ತದೆ. ಒಮ್ಮೆ ಎಲೆ ಹಂಚಿ ಮುಗಿಸುವುದಕ್ಕೆ ಒಂದು ಹ್ಯಾಂಡ್ ಎನ್ನುತ್ತಾರೆ. ಎಲೆ ನೋಡುವ ಮುಂಚೆಯೇ ಒಬ್ಬ ಕಡ್ಡಾಯವಾಗಿ ಕಟ್ಟಬೇಕಾದ ಪಣಕ್ಕೆ ಬಿಗ್ ಬ್ಲೈಂಡ್ ಎನ್ನುತ್ತಾರೆ. ನಮ್ಮ ಭಾನುವಾರದ ಮೇಜಿನಲ್ಲಿ ಅದು 20 ರೂಪಾಯಿ ಎಂದಿಟ್ಟುಕೊಳ್ಳಿ. ಎಲ್ಲ ಖರ್ಚು ಕಳೆದು ನೂರು ಹ್ಯಾಂಡಿಗೆ 5 ಬಿಗ್ ಬ್ಲೈಂಡ್, ಅಂದರೆ 100 ರೂಪಾಯಿ ಗೆಲ್ಲುವವನು ಒಳ್ಳೆಯ ಆಟಗಾರ. ಆದರೆ ಅದೇ ನೂರು ಹ್ಯಾಂಡಿನಲ್ಲಿ ಅದೃಷ್ಟದ ಏರಿಳಿತ ಸುಮಾರು 90 ಬಿಗ್ ಬ್ಲೈಂಡ್, ಅಂದರೆ 1,800 ರೂಪಾಯಿ. ನೂರು ರೂಪಾಯಿಯ ಜಾಣತನವನ್ನು ಸಾವಿರದ ಎಂಟುನೂರು ರೂಪಾಯಿಯ ಗದ್ದಲದ ನಡುವೆ ಹುಡುಕಬೇಕು.

ಮುಂದಕ್ಕೆ ಎಳೆಯೋಣ. ಮೇಜಿನಲ್ಲಿ ಗಂಟೆಗೆ 25 ಹ್ಯಾಂಡ್, ಭಾನುವಾರಕ್ಕೆ 5 ಗಂಟೆ, ಒಟ್ಟು 125 ಹ್ಯಾಂಡ್. ಹತ್ತು ಸಾವಿರ ಹ್ಯಾಂಡ್ ಆಗಬೇಕಾದರೆ 80 ಭಾನುವಾರ ಬೇಕು, ಒಂದೂವರೆ ವರ್ಷ. ಅಷ್ಟೊತ್ತಿಗೆ ನಮ್ಮ ಒಳ್ಳೆಯ ಆಟಗಾರ ಸರಾಸರಿ 10,000 ರೂಪಾಯಿ ಗೆದ್ದಿರಬೇಕು. ಏರಿಳಿತ ಮಾತ್ರ 18,000. ಅಂದರೆ ನಿಜಕ್ಕೂ ಚೆನ್ನಾಗಿ ಆಡುವ ನೂರು ಮಂದಿಯಲ್ಲಿ ಸುಮಾರು 29 ಮಂದಿ ಒಂದೂವರೆ ವರ್ಷದ ಮೇಲೂ ನಷ್ಟದಲ್ಲಿರುತ್ತಾರೆ. ಇದನ್ನು ಹುಡುಗರು ಖುಷಿಯಿಂದ ಒಪ್ಪುತ್ತಾರೆ. ತಿರುಗಿಸಿ ಹೇಳಿದರೆ ಮುಖ ಸಪ್ಪಗಾಗುತ್ತದೆ: ಅಷ್ಟೇ ಪ್ರಮಾಣದಲ್ಲಿ ಕೆಟ್ಟದಾಗಿ ಆಡುವ, ನೂರು ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಕಳೆದುಕೊಳ್ಳುವ ನೂರು ಮಂದಿಯಲ್ಲೂ ಸುಮಾರು 29 ಮಂದಿ ಒಂದೂವರೆ ವರ್ಷದ ಮೇಲೆ ಲಾಭದಲ್ಲೇ ಇರುತ್ತಾರೆ. ಕತೆ ಹೇಳುವವರು, ಕಾಲರ್ ಎತ್ತಿಕೊಂಡು ತಿರುಗುವವರು, ಕಿರಿಯರಿಗೆ ಪಾಠ ಮಾಡುವವರು ಈ 29 ಮಂದಿ. ಉಳಿದ 71 ಮಂದಿ ಸದ್ದಿಲ್ಲದೆ ಎದ್ದು ಹೋಗಿರುತ್ತಾರೆ.

ಒಂದು ಲಕ್ಷ ಹ್ಯಾಂಡ್ ಆಡಿದರೆ ಚಿತ್ರ ತಿಳಿಯಾಗುತ್ತದೆ. ಆಗ ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಭಾನುವಾರದ ಮೇಜಿನಲ್ಲಿ ಒಂದು ಲಕ್ಷ ಹ್ಯಾಂಡ್ ಎಂದರೆ 800 ಭಾನುವಾರ, ಹದಿನೈದು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಅಡಿಕೆ ಸಸಿ ನೆಟ್ಟವನು ಹಲವು ಫಸಲು ಕೊಯ್ದಿರುತ್ತಾನೆ. ಆದ್ದರಿಂದ ಭಾನುವಾರದ ಆಟಗಾರ ಮೊದಲು ಕಲಿಯಬೇಕಾದ ಪದ ‘ಗೊತ್ತಿಲ್ಲ’. ನಾನು ಗೆಲ್ಲುವವನೋ ಸೋಲುವವನೋ ಇನ್ನೂ ಗೊತ್ತಿಲ್ಲ ಎನ್ನುವ ಆಟಗಾರ ಸಿಕ್ಕರೆ ನಾನೇ ಮೀನಾಕ್ಷಿ ಭವನಕ್ಕೆ ಕರೆದುಕೊಂಡು ಹೋಗಿ ದೋಸೆ ಕೊಡಿಸುತ್ತೇನೆ.

ಮೇಲೆ ‘ಎಲ್ಲ ಖರ್ಚು ಕಳೆದು’ ಎಂದೆನಲ್ಲ, ಆ ಖರ್ಚನ್ನು ಯಾರೂ ಬರೆಯುವುದಿಲ್ಲ. ಮೇಜು ನಡೆಸುವವನು ಹ್ಯಾಂಡೊಂದಕ್ಕೆ ಸರಾಸರಿ 40 ರೂಪಾಯಿ ಎತ್ತಿಟ್ಟುಕೊಂಡರೆ (ರೇಕ್ ಎಂದರೆ ಇದೇ) ಗಂಟೆಗೆ 1,000, ಸಂಜೆಗೆ 5,000. ಎಂಟು ಜನ ತಲಾ 5,000 ತಂದು ಕೂತರೆ ಮೇಜಿನ ಮೇಲೆ 40,000. ಎಂಟು ಭಾನುವಾರ ಇದೇ ದುಡ್ಡು ಅವರೊಳಗೇ ಸುತ್ತಿದರೆ ಇಡೀ 40,000 ಮೇಜಿನವನ ಜೇಬು ಸೇರಿರುತ್ತದೆ. ಎಂಟೂ ಜನ ಸಮಬಲದವರಾದರೆ ಪ್ರತಿಯೊಬ್ಬನೂ ಸರಾಸರಿ ಸಂಜೆಗೆ 625 ರೂಪಾಯಿ ಸೋತೇ ಏಳುತ್ತಾನೆ. ‘ಈ ಮೇಜಿನಲ್ಲಿ ನಾನೇ ಚೆನ್ನಾಗಿ ಆಡುವವನು’ ಎಂದರೆ ಸಾಲದು. 625 ರೂಪಾಯಿಯಷ್ಟು ಚೆನ್ನಾಗಿ ಆಡಿದರೆ ಸೊನ್ನೆಗೆ ಬಂದು ನಿಲ್ಲುತ್ತೀರಿ. ಆಪ್‌ಗಳಲ್ಲಿ ಆಡುತ್ತಿದ್ದ ಕಾಲದಲ್ಲಿ ಇದರ ಮೇಲೆ ತೆರಿಗೆ ಬೇರೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30, ಅದೇ ಅಕ್ಟೋಬರ್‌ನಿಂದ ಕಟ್ಟಿದ ಹಣದ ಮೇಲೆ ನೂರಕ್ಕೆ 28 ಜಿಎಸ್‌ಟಿ. ಈ ವರ್ಷದ ನಷ್ಟವನ್ನು ಮುಂದಿನ ವರ್ಷದ ಗೆಲುವಿನಲ್ಲಿ ಕಳೆಯುವ ಹಾಗೂ ಇರಲಿಲ್ಲ. ಒಂದು ವರ್ಷ ಲಕ್ಷ ಗೆದ್ದು ಮರುವರ್ಷ ಲಕ್ಷ ಸೋತವನು ತನ್ನ ಲೆಕ್ಕದಲ್ಲಿ ಸಮಸಮ, ವಾಸ್ತವದಲ್ಲಿ 30,000 ಕಳಕೊಂಡವನು.

ಇಷ್ಟು ಹೇಳಿದರೆ ಹುಡುಗರು ಕೋರ್ಟಿಗೆ ಹೋಗುತ್ತಾರೆ. ‘ಪೋಕರ್ ಕೌಶಲದ ಆಟ ಅಂತ ನಮ್ಮ ಹೈಕೋರ್ಟೇ ಹೇಳಿದೆ, ನಾವೇನು ಓಸಿ ಬರೆಸ್ತಿದೀವಾ?’ ನಿಜ, ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದೇ ಆಟವನ್ನು ಜೂಜು ಎಂದಿತು. ಆನ್‌ಲೈನ್ ಪಣದ ಆಟ ನಿಷೇಧಿಸಿ ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯನ್ನು 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟೇ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸಿತು. ಕಾನೂನಿನ ಸರಿತಪ್ಪು ವಕೀಲರಿಗಿರಲಿ. ನನಗೆ ಸೋಜಿಗವೆನಿಸುವುದು ಬೇರೆ. ಪೋಕರ್ ಕೌಶಲದ ಆಟ ಎಂದರೆ ನೀವು ಕುಶಲರು ಎಂದಾಯಿತೇ? ಸಂಗೀತ ಕೌಶಲದ ವಿದ್ಯೆ, ಹಾಗೆಂದು ನಾನು ಹಾಡಿದರೆ ಕೇಳುತ್ತೀರಾ? ಕೌಶಲ ಹೆಚ್ಚಿದ್ದಷ್ಟೂ ಅಕುಶಲನಿಗೆ ಅಪಾಯ ಹೆಚ್ಚು. ನಾಣ್ಯ ಚಿಮ್ಮಿ ಆಡಿದರೆ ದಡ್ಡನಿಗೂ ಅರ್ಧಕ್ಕರ್ಧ ಅವಕಾಶವಿದೆ. ಕೌಶಲದ ಆಟದಲ್ಲಿ ದಡ್ಡ ಸೋಲುವುದು ಖಾತ್ರಿ, ಕಾಲದ ಪ್ರಶ್ನೆ ಅಷ್ಟೇ. ಆ ತೀರ್ಪನ್ನು ಎದೆಗವಚಿಕೊಂಡವರಲ್ಲಿ ಬಹಳಷ್ಟು ಜನ ತಮ್ಮ ಸೋಲಿಗೇ ಮುದ್ರೆ ಒತ್ತಿಸಿಕೊಂಡಿದ್ದಾರೆ. ಓಸಿ ಬರೆಸುವವನನ್ನು ಅವರು ಕೀಳಾಗಿ ಕಾಣುತ್ತಾರೆ. ಪಾಪ, ಚೀಟಿಗೆ ಎಷ್ಟು ಕೊಟ್ಟೆ ಎಂಬುದಾದರೂ ಅವನಿಗೆ ಗೊತ್ತಿರುತ್ತದೆ.

ಜೂಜಿನ ಮಾತು ಬಂದಾಗಲೆಲ್ಲ ನಾವು ಧರ್ಮರಾಯನನ್ನು ನೆನೆಯುತ್ತೇವೆ. ನನಗೆ ಅವನಿಗಿಂತ ಕಾಡಿನಲ್ಲಿ ಅವನು ಕೇಳಿದ ಕತೆ ಮುಖ್ಯ. ವನಪರ್ವದಲ್ಲಿ ಬೃಹದಶ್ವ ಮುನಿ ಹೇಳುವ, ನಮ್ಮ ಕನಕದಾಸರು ‘ನಳಚರಿತ್ರೆ’ಯಾಗಿ ಹಾಡಿದ ನಳನ ಕತೆ. ಪುಷ್ಕರನೊಡನೆ ಜೂಜಾಡಿ ರಾಜ್ಯ ಕಳಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ವಿದರ್ಭಕ್ಕೆ ರಥ ಓಡುತ್ತಿರುವಾಗ ಋತುಪರ್ಣ ದಾರಿಯಲ್ಲಿ ಕಂಡ ತಾರೆ ಮರದ ಎರಡು ಕೊಂಬೆಗಳನ್ನು ನೋಡಿ ಎಲೆ ಇಷ್ಟು, ಹಣ್ಣು ಇಷ್ಟು ಎಂದುಬಿಡುತ್ತಾನೆ. ತಾರೆಕಾಯಿಯೇ ಆ ಕಾಲದ ದಾಳ. ಭದ್ರಾ ಕಾಡಿನಲ್ಲಿ ಈಗಲೂ ಈ ಮರ ಸಿಗುತ್ತದೆ. ನಳ ಏನು ಮಾಡಿದ? ‘ಭಲೇ’ ಎನ್ನಲಿಲ್ಲ. ಹೊತ್ತಾಗುತ್ತಿದೆ ಎಂದು ರಾಜ ಗೋಗರೆಯುತ್ತಿದ್ದರೂ ರಥ ನಿಲ್ಲಿಸಿ, ಇಳಿದು, ಮರ ಕಡಿದು, ಎಣಿಸಿದ. ಲೆಕ್ಕ ತಾಳೆಯಾದ ಮೇಲೆ ಆ ವಿದ್ಯೆ ನನಗೂ ಕಲಿಸು ಎಂದ. ಕಲಿಯುವುದಕ್ಕೂ ಮೊದಲು ಎಣಿಸಿದ ಎಂಬುದನ್ನು ನಮ್ಮ ಹರಿಕತೆಗಳು ಒತ್ತಿ ಹೇಳಿದ್ದನ್ನು ನಾನು ಕೇಳಿಲ್ಲ. (ಊರಿಗೆ ಮರಳಿದ ನಳ ಪುಷ್ಕರನನ್ನು ಒಂದೇ ಪಣದಲ್ಲಿ ಗೆದ್ದದ್ದು ಮಾತ್ರ ನನಗೆ ಹಿಡಿಸುವುದಿಲ್ಲ. ಒಂದು ಪಣದಿಂದ ಅಕ್ಷವಿದ್ಯೆ ರುಜುವಾತಾಗುವುದಿಲ್ಲ. ವ್ಯಾಸರಿಗೆ ಕತೆ ಮುಗಿಸುವ ಅವಸರವಿತ್ತೇನೋ.)

ಭದ್ರಾವತಿಯ ಹುಡುಗರಿಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ವಿಚಿತ್ರ. ಲೆಕ್ಕದಿಂದ ಬದುಕಿ ಲೆಕ್ಕದಿಂದ ನೊಂದ ಊರು ಅದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮೊದಲ ವರ್ಷಗಳಲ್ಲಿ ನಷ್ಟ ಕಂಡಾಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ಖರ್ಚಿನ ಬಾಬುಗಳನ್ನು ಹಿಡಿದು ಕೂತರು. ನೂರು ವರ್ಷದ ನಂತರ, 2023ರ ಜನವರಿಯಲ್ಲಿ, ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಮುಂದಿಟ್ಟದ್ದೂ ವರ್ಷಗಟ್ಟಲೆ ನಷ್ಟದ ಲೆಕ್ಕವನ್ನೇ. ಆ ಲೆಕ್ಕದ ಬಗ್ಗೆ ನನಗೆ ತಕರಾರಿದೆ. ಸ್ವಂತ ಅದಿರಿನ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಲಾಭ ಮಾಡಲಿಲ್ಲ ಎನ್ನುವುದು ನೀರಿಲ್ಲದ ತೋಟ ಫಲ ಕೊಡಲಿಲ್ಲ ಎಂದಂತೆ. ಆದರೂ ಅಲ್ಲಿ ಪುಸ್ತಕವಿತ್ತು, ಆದ್ದರಿಂದ ಜಗಳವಾಡಲು ಜಾಗವಿತ್ತು. ಕಾರ್ಮಿಕ ಸಂಘದವರು ಅಂಕಿ ಎದುರು ಅಂಕಿ ಇಟ್ಟು ಮಾತಾಡಬಹುದಿತ್ತು. ಅಂಥ ಊರಿನ ಮಕ್ಕಳು ಅಪ್ಪನ ನಿವೃತ್ತಿ ಹಣ ಕೇಳುವಾಗ ಒಂದು ಹಾಳೆಯನ್ನೂ ತೋರಿಸದೆ ‘ನಂಬಿ ಮಾವ’ ಎನ್ನುತ್ತಾರೆ.

ನಂಬುವ ಪ್ರಶ್ನೆ ಏಳುವುದಕ್ಕೂ ಮುಂಚೆ ಇನ್ನೊಂದಿದೆ. ‘ದೀರ್ಘಕಾಲದಲ್ಲಿ ಗೆಲ್ತೀನಿ’ ಎನ್ನುವವನು ದೀರ್ಘಕಾಲ ಮೇಜಿನಲ್ಲಿ ಉಳಿಯಬೇಕಲ್ಲ. ಕೈಯಲ್ಲಿ ಸಣ್ಣ ಗಂಟಿದ್ದರೆ, ಆಟ ಎಷ್ಟೇ ಚೆನ್ನಾಗಿದ್ದರೂ, ಮೊದಲ ಕೆಟ್ಟ ಮಳೆಗಾಲಕ್ಕೇ ಗಂಟು ಕರಗುತ್ತದೆ. ಅದರ ಮೇಲೆ ಪೂರ್ಣಾವಧಿ ಆಟಗಾರ ಬಾಡಿಗೆ, ದಿನಸಿ, ಫೋನಿನ ಖರ್ಚನ್ನೂ ಅದೇ ಗಂಟಿನಿಂದ ತೆಗೆಯಬೇಕು. ಆಟದಲ್ಲಿ ಹಾಕಿದ ಬಂಡವಾಳ ಮತ್ತು ಮನೆಯ ದುಡ್ಡು ಎರಡನ್ನೂ ಒಂದೇ ಖಾತೆಯಲ್ಲಿ ಇಟ್ಟವನಿಗೆ ತಾನು ಗೆಲ್ಲುತ್ತಿದ್ದೇನೋ ತಿನ್ನುತ್ತಿದ್ದೇನೋ ತಿಳಿಯುವುದೇ ಇಲ್ಲ. ಮಂಡಿಯಲ್ಲಿ ಅಂಗಡಿ ಇಟ್ಟ ಎಷ್ಟೋ ಜನ ಮುಳುಗಿದ್ದು ಹೀಗೆ, ನಷ್ಟದಿಂದಲ್ಲ, ಗಲ್ಲಾಪೆಟ್ಟಿಗೆಯಿಂದಲೇ ಮನೆ ನಡೆಸಿ.

ಅಳಿಯನಿಗೆ ಒಂದು ನೂರು ಪುಟದ ಪುಸ್ತಕ ಕೊಟ್ಟೆ. ದಿನಾಂಕ, ಕೂತ ಗಂಟೆ, ಏಳುವಾಗಿನ ಗಂಟೆ, ತಂದ ಹಣ, ಒಯ್ದ ಹಣ, ಬಸ್ಸು, ಊಟ. ಗೆದ್ದ ರಾತ್ರಿ ಬರೆದು ಸೋತ ರಾತ್ರಿ ಮರೆಯುವ ಹಾಗಿಲ್ಲ, ಮನೆ ಸೇರುವ ಮುಂಚೆ ಬರೆಯಬೇಕು. ತಿಂಗಳಿಗೊಮ್ಮೆ ಪುಸ್ತಕವನ್ನು ಪೋಕರ್ ಗೊತ್ತಿಲ್ಲದವರ ಮುಂದೆ ಓದಬೇಕು. ಈ ಕೊನೆಯ ಷರತ್ತಿಗೆ ಅವನು ಬಹಳ ಕೊಸರಾಡಿದ. ಆಟ ಗೊತ್ತಿರುವ ಗೆಳೆಯ ‘ಛೆ, ಕೆಟ್ಟ ಲಕ್’ ಎನ್ನುತ್ತಾನೆ. ಅಕ್ಕ ‘ಹಾಗಾದ್ರೆ ಒಟ್ಟು ಎಷ್ಟು?’ ಎನ್ನುತ್ತಾಳೆ. ಅವನಿಗೆ ಬೇಕಾದದ್ದು ಎರಡನೆಯ ಪ್ರಶ್ನೆ.

ಈಗ 31 ಭಾನುವಾರದ ಲೆಕ್ಕ ಇದೆ. ಬಿಡದೆ ಬರೆದಿದ್ದಾನೆ, ಅದಕ್ಕೆ ಮೆಚ್ಚಬೇಕು. 155 ಗಂಟೆ, ಹೆಚ್ಚುಕಡಿಮೆ 3,875 ಹ್ಯಾಂಡ್. ಮೇಜಿನಲ್ಲಿ ಉಳಿದದ್ದು 6,200 ರೂಪಾಯಿ. ಗಂಟೆಗೆ 40 ಆಯಿತಲ್ಲ ಮಾವ ಎಂದ. ಇಷ್ಟು ಹ್ಯಾಂಡಿನಲ್ಲಿ ಬರೀ ಅದೃಷ್ಟದ ಏರಿಳಿತವೇ 11,000 ದಾಟುತ್ತದೆ, ಹಾಗಾಗಿ ಈ 6,200 ಜಾಣತನದ್ದು ಎನ್ನಲು ಆಧಾರವಿಲ್ಲ, ದಡ್ಡತನದ್ದಲ್ಲ ಎನ್ನಲೂ ಇಲ್ಲ ಎಂದೆ. ಆಮೇಲೆ ಅಕ್ಕ ಕೊನೆಯ ಎರಡು ಕಾಲಂ ಕೂಡಿಸಿದಳು. ಬಸ್ಸು, ಊಟಕ್ಕೆ ಭಾನುವಾರಕ್ಕೆ 150ರಂತೆ 4,650. ಉಳಿದದ್ದು 1,550, ಗಂಟೆಗೆ ಹತ್ತು ರೂಪಾಯಿ. ಅವನು ಪುಸ್ತಕವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ, ಮುಂದಿನ ಭಾನುವಾರವೂ ಬರೆಯುತ್ತೇನೆ ಎಂದ. ಠೇವಣಿ ಬ್ಯಾಂಕಿನಲ್ಲೇ ಇದೆ.